ಐಫೋನಿನಲ್ಲಿ ತೆರೆಯದ ಮದುವೆ ಕಾರ್ಡು

ರುದ್ರಯ್ಯನವರು ಐಫೋನ್ ಕೊಂಡದ್ದು ಫೋಟೋ ತೆಗೆಯುವುದಕ್ಕಲ್ಲ, ನಾಲ್ಕು ಜನಕ್ಕೆ ತೋರಿಸುವುದಕ್ಕೂ ಅಲ್ಲ. ವೈರಸ್ ಬರಬಾರದು ಅಂತ. ಮಧುಗಿರಿಯಲ್ಲಿ ಆ ಒಂದೇ ಕಾರಣಕ್ಕೆ ಐಫೋನ್ ಕೊಂಡ ಮೊದಲನೆಯ ಮನುಷ್ಯ ತಾವೇ ಎಂದು ಅವರು ನಂಬಿದ್ದರು. ಬೆಟ್ಟದ ಬುಡದಲ್ಲಿ ಅವರ ಜೊತೆ ಬೆಳಗಿನ ವಾಕಿಂಗ್ ಮಾಡುವವರೂ ಬೇರೆ ದಾರಿಯಿಲ್ಲದೆ ಅದನ್ನು ನಂಬಿದ್ದರು.

ಮೂವತ್ತನಾಲ್ಕು ವರ್ಷ ಸರ್ಕಾರಿ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಯಾವ ವಿಷಯವೇ ಆಗಲಿ, ಅದಕ್ಕೊಂದು ಕಡತ ತೆಗೆಯದೆ ಅವರಿಗೆ ಯೋಚನೆ ಹರಿಯುತ್ತಿರಲಿಲ್ಲ. ಫೋನ್ ಕೊಳ್ಳುವ ಮೊದಲು ಪತ್ರಿಕೆಗಳಲ್ಲಿ ಬಂದ ಬರಹಗಳನ್ನೆಲ್ಲ ಕತ್ತರಿಸಿ ಕಡತ ಮಾಡಿದರು. ಆರು ತಿಂಗಳು ಓದಿದರು. ಆಮೇಲೆ ತೀರ್ಮಾನ ಬರೆದು, ಕೆಳಗೆ ಸಹಿ ಹಾಕಿ, ಫೋನ್ ತಂದರು.

"ಐಫೋನಿಗೆ ಹೊರಗಿನ ಆ್ಯಪು ಬರಂಗಿಲ್ಲ ಕಣ್ರಯ್ಯ" ಎಂದು ವಾಕಿಂಗಿನಲ್ಲಿ ವಿವರಿಸುತ್ತಿದ್ದರು. "ಅವರ ಅಂಗಡಿಯಿಂದಲೇ ಬರಬೇಕು. ಅವರು ಪರಿಶೀಲಿಸಿ ಪಾಸು ಮಾಡಿರಬೇಕು. ಆಂಡ್ರಾಯ್ಡ್ ಹಂಗಲ್ಲ. ಅಲ್ಲೂ ಅಂಗಡಿ ಇದೆ, ಪರಿಶೀಲನೇನೂ ಇದೆ. ಆದ್ರೆ ಹಿತ್ತಲ ಬಾಗಿಲಿಗೆ ಯಾರಾದ್ರೂ ಬಂದ್ರೆ, ಬಿಟ್ಕಳ್ಳದಾ ಅಂತ ನಿಮ್ಮನ್ನ ಕೇಳ್ತದೆ. ನೀವು ಹೂಂ ಅಂದ್ರೆ ಮುಗೀತು."

"ಊಹೂಂ ಅಂದ್ರೆ?" ಎಂದು ಒಬ್ಬರು ಕೇಳಿದರು.

"ನಮ್ಮ ಜನ ಎಲ್ಲಿ ಅಂತಾರೆ?" ಎಂದರು ರುದ್ರಯ್ಯ.

ಅವರ ಹೆಂಡತಿ ಸರ್ವಮಂಗಳಮ್ಮನ ಹತ್ತಿರ ಇದ್ದದ್ದು ಆಂಡ್ರಾಯ್ಡ್ ಫೋನು. ಆಕೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತಿ ನಿವೃತ್ತರಾದವರು. ಜೊತೆಗೆ ಕೆಲಸ ಮಾಡಿದ ಎಂಬತ್ತಾರು ಹೆಂಗಸರನ್ನು ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದರು. ಯಾರಿಗೆ ಮೊಮ್ಮಗು ಆಯಿತು, ಯಾರ ಪಿಂಚಣಿ ನಿಂತಿತು, ಯಾವ ಸೋಮವಾರ ಸಿದ್ದರಬೆಟ್ಟ ಹತ್ತುವುದು, ಎಲ್ಲವೂ ಅದರಲ್ಲೇ. ಮೇಡಂ ಕಳಿಸಿದ್ದಾರೆ ಅಂದರೆ ಯಾರೂ ಎರಡನೇ ಸಲ ಯೋಚಿಸುತ್ತಿರಲಿಲ್ಲ.

ಹೆಂಡತಿಯ ಫೋನಿಗೆ ಆ್ಯಂಟಿವೈರಸ್ ಹಾಕಿಸಿದ್ದು ರುದ್ರಯ್ಯನವರೇ. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಮುಕ್ತಾರ್ ಬೇಡವೆಂದೇ ಹೇಳಿದ್ದ. ಅವನು ಸಿರಾದವನು, ದಿನಾ ಬಸ್ಸಿನಲ್ಲಿ ಬಂದುಹೋಗಿ ಮಾಡುತ್ತಾನೆ.

"ಸಾರ್, ಫೋನಲ್ಲೇ ಒಂದು ಕಾವಲು ಇರ್ತದೆ. ಅಪ್‌ಡೇಟ್ ಬಂದಾಗ ಮಾಡ್ಕಳ್ಳಿ. ಎಲ್ಲಿಂದಲೋ ಬಂದ ಆ್ಯಪು ಹಾಕ್ಕಬ್ಯಾಡಿ. ಅಷ್ಟು ಮಾಡಿದ್ರೆ ಸಾಕು. ಇದು ಸುಮ್ನೆ ದಂಡ."

ಅಂಗಡಿಯವನೇ ಕೊಳ್ಳಬೇಡಿ ಅಂದದ್ದು ರುದ್ರಯ್ಯನವರಿಗೆ ಅನುಮಾನ ತರಿಸಿತು. ಮಾಲು ಮುಗಿದಿರಬೇಕು ಅಂದುಕೊಂಡು, ಹಟ ಹಿಡಿದು ಹಾಕಿಸಿದರು. ಎರಡು ವರ್ಷದಿಂದ ಆ ಆ್ಯಂಟಿವೈರಸ್ ದಿನಾ ಬೆಳಿಗ್ಗೆ 'ನಿಮ್ಮ ಫೋನ್ ಸುರಕ್ಷಿತವಾಗಿದೆ' ಎಂದು ಹೇಳುತ್ತಿತ್ತು. ಸರ್ವಮಂಗಳಮ್ಮ "ಆಯ್ತು ಕಣಪ್ಪ" ಎಂದು ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಿದ್ದರು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ರುದ್ರಯ್ಯನವರ ಫೋನಿಗೆ ಪರ್ವತಯ್ಯನಿಂದ ಮದುವೆ ಕಾರ್ಡು ಬಂತು. ಪರ್ವತಯ್ಯ ಕೊರಟಗೆರೆಯವನು, ಒಂದೇ ದಿನ ಕೆಲಸಕ್ಕೆ ಸೇರಿದ ಗೆಳೆಯ. ಆದರೆ ಬಡ್ತಿ ಅವನಿಗೆ ಒಂದು ವರ್ಷ ಮೊದಲು ಸಿಕ್ಕಿತ್ತು. ಅವತ್ತಿನಿಂದ ರುದ್ರಯ್ಯ ಅವನಿಗೆ ತಾವಾಗಿ ಫೋನ್ ಮಾಡಿದವರಲ್ಲ. 'ಮದುವೆಗೆ ತಪ್ಪದೆ ಬನ್ನಿ, ಕಾರ್ಡು ತೆರೆದು ನೋಡಿ' ಎಂದಿತ್ತು. ಕೆಳಗೆ ಫೈಲಿನ ಹೆಸರು 'ವಿವಾಹ ಪತ್ರಿಕೆ', ಅದಕ್ಕೊಂದು ಚುಕ್ಕೆ, ಚುಕ್ಕೆಯ ಮುಂದೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ.

ಒತ್ತಿದರು. ತೆರೆಯಲಿಲ್ಲ. ಕನ್ನಡಕ ಒರೆಸಿ ಮತ್ತೆ ಒತ್ತಿದರು. ಫೋನು ಒಂದು ಬಿಳಿ ಹಾಳೆ ತೋರಿಸಿ ಸುಮ್ಮನಾಯಿತು.

"ಮಂಗಳಾ, ಪರ್ವತಯ್ಯನ ಮಗಳಿಗೆ ಮದುವೆಯಂತೆ" ಎಂದರು ಅಡುಗೆಮನೆಯ ಕಡೆ ತಿರುಗಿ. "ಗಂಡು ಆಂಧ್ರದ ಕಡೆಯವನು."

"ಮಾನಸಂಗಾ? ಯಾರು ಹೇಳಿದ್ದು ಆಂಧ್ರ ಅಂತ?"

"ಎ.ಪಿ. ಅಂತ ಬರೆದವ್ರೆ. ಕೆ ಅಂದ್ರೆ ಕುಮಾರಸ್ವಾಮಿಯೋ ಏನೋ ಇರಬೇಕು."

ಸರ್ವಮಂಗಳಮ್ಮನಿಗೆ ರಾಗಿ ಬೀಸಿಸಲು ಹೋಗುವುದಿತ್ತು. "ಪರ್ವತಯ್ಯನೋರಿಗೇ ಒಂದು ಫೋನ್ ಹಾಕಿ ಕೇಳಿ" ಎಂದು ಹೇಳಿ, ಚೀಲ ಎತ್ತಿಕೊಂಡು ಮಿಲ್ಲಿಗೆ ಹೊರಟರು. ಅವರ ಫೋನು ಫ್ರಿಜ್ಜಿನ ಮೇಲೇ ಇತ್ತು.

ಫೋನ್ ಹಾಕುವ ಮಾತು ರುದ್ರಯ್ಯನವರಿಗೆ ಹಿಡಿಸಲಿಲ್ಲ. ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಕರೆದಿದ್ದಾನೆ. ಅದೂ ತೆರೆಯದ ಕಾರ್ಡು. ತಾನೇ ಫೋನ್ ಮಾಡಿ, ಕಾರ್ಡು ತೆರೆಯಲಿಲ್ಲ ಅಂತ ಹೇಳಿದರೆ ಕರೆಸಿಕೊಳ್ಳಲು ಕಾದು ಕೂತಿದ್ದ ಹಾಗೆ ಆಗುತ್ತದೆ. ಅವರು ಚಪ್ಪಲಿ ಮೆಟ್ಟಿ ಮುಕ್ತಾರನ ಅಂಗಡಿಗೆ ನಡೆದರು.

ಮುಕ್ತಾರ್ ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದ. ಕೈ ಒರೆಸಿಕೊಂಡು ಐಫೋನ್ ನೋಡಿದ.

"ಸಾರ್, ಇದು ಕಾರ್ಡಲ್ಲ. ಇದೊಂದು ಆ್ಯಪು. ಆಂಡ್ರಾಯ್ಡಿಗೆ ಮಾಡಿರದು. ನಿಮ್ಮ ಫೋನಲ್ಲಿ ಓಪನ್ ಆಗಲ್ಲ. ಆಗದೇ ಇರದೇ ಒಳ್ಳೇದು. ಕಳಿಸಿರೋರಿಗೆ ಫೋನ್ ಮಾಡಿ, ನೀವೇ ಕಳಿಸಿದ್ದಾ ಅಂತ ಕೇಳಿಬಿಡಿ."

ಇಷ್ಟರಲ್ಲಿ ರುದ್ರಯ್ಯನವರಿಗೆ ಕೇಳಿಸಿದ್ದು ಆಂಡ್ರಾಯ್ಡಿನಲ್ಲಿ ತೆರೆಯುತ್ತದೆ ಎಂಬುದೊಂದೇ. ಮಿಕ್ಕದ್ದು ಐಫೋನ್ ಮಾರಾಟ ಮಾಡದವನ ಹೊಟ್ಟೆಕಿಚ್ಚು ಎಂದುಕೊಂಡು ಮನೆಗೆ ಬಂದರು. ಕಾರ್ಡನ್ನು ಹೆಂಡತಿಯ ಫೋನಿಗೆ ಕಳಿಸಿದರು. ಫ್ರಿಜ್ಜಿನ ಮೇಲಿಂದ ಅದನ್ನು ತೆಗೆದುಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತು ಒತ್ತಿದರು.

ಫೋನು, ಗೊತ್ತಿಲ್ಲದ ಕಡೆಯಿಂದ ಬಂದದ್ದನ್ನು ಹಾಕಿಕೊಳ್ಳಬಾರದು ಎಂದಿತು. ಅದಕ್ಕೆ ಅನುಮತಿ ಎಲ್ಲಿ ಕೊಡುವುದೆಂದು ಹುಡುಕಿ ಕೊಟ್ಟರು. ಆಗ ಎರಡು ವರ್ಷದಲ್ಲಿ ಮೊದಲ ಸಲ ಆ್ಯಂಟಿವೈರಸ್ ಕೆಂಪಾಯಿತು. ಪರದೆ ತುಂಬ ಕೆಂಪು, ನಡುವೆ 'ಅಪಾಯ', ಕೆಳಗೆ 'ಅಳಿಸಿ' ಎಂಬ ದಪ್ಪ ಗುಂಡಿ.

"ಪರ್ವತಯ್ಯನ ಮಗಳ ಮದುವೆ ನಿಂಗೆ ಅಪಾಯನಾ?" ಎಂದರು ರುದ್ರಯ್ಯ ಗಟ್ಟಿಯಾಗಿ. ಹಿಂದಕ್ಕೆ ಹೋಗಿ ಮತ್ತೆ ಒತ್ತಿದರು. ಮತ್ತೆ ಕೆಂಪು. ಮೂರನೇ ಸಲವೂ ಆದ ಮೇಲೆ, ಕಚೇರಿಯಲ್ಲಿ ಆಕ್ಷೇಪಣೆ ಹಾಕುವ ಗುಮಾಸ್ತನನ್ನು ಬೇರೆ ವಿಭಾಗಕ್ಕೆ ಎತ್ತಿಹಾಕುವ ಹಾಗೆ, ಆ್ಯಂಟಿವೈರಸ್ಸನ್ನೇ ಫೋನಿನಿಂದ ತೆಗೆದುಹಾಕಿದರು.

ಆಮೇಲೆ ದಾರಿ ಸುಗಮವಾಯಿತು. ಕಾರ್ಡು, ಮೆಸೇಜುಗಳನ್ನು ಓದಬಹುದೇ ಎಂದು ಕೇಳಿತು. ಅನುಮತಿಸಿದೆ. ನಂಬರುಗಳನ್ನು ನೋಡಬಹುದೇ. ಅನುಮತಿಸಿದೆ. ಕರೆ ಮಾಡಬಹುದೇ. ಒಂದು ಮದುವೆ ಕಾರ್ಡಿಗೆ ಇಷ್ಟೆಲ್ಲ ಯಾಕೆ ಬೇಕು ಎಂಬ ಪ್ರಶ್ನೆ ಅವರ ಮನಸ್ಸಿಗೆ ಬರಲೇ ಇಲ್ಲ. ಅರ್ಜಿ ಕ್ರಮಬದ್ಧವಾಗಿ ಒಂದೊಂದೇ ಬರುತ್ತಿತ್ತು, ಅವರು ವಿಲೇವಾರಿ ಮಾಡುತ್ತಿದ್ದರು. ಕೊನೆಗೆ 'ದಯವಿಟ್ಟು ಕಾಯಿರಿ' ಎಂದು ಬಂತು. ಕಾಲು ಗಂಟೆ ಕಾದರು. ಗಂಡಿನ ಹೆಸರು ಕಾಣಿಸಲಿಲ್ಲ.

ಇನ್ನೂ ಕಾಯುತ್ತಿದ್ದಾಗಲೇ ಆ ಫೋನಿಗೆ ಕರೆ ಬಂತು. ಸಿರಾದಿಂದ ಶಾಜಿಯಾ. ಸರ್ವಮಂಗಳಮ್ಮನ ಕೈಕೆಳಗೆ ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸು, ಗ್ರೂಪಿನಲ್ಲೂ ಇದ್ದವರು.

"ಸಾರ್, ಮೇಡಂ ಇಲ್ವಾ? ಈಗ ತಾನೇ ಗ್ರೂಪಲ್ಲಿ ಮದುವೆ ಕಾರ್ಡು ಹಾಕವ್ರೆ. ತೆಗಿಯಕ್ಕೆ ಹೋದ್ರೆ ಫೋನು ಬ್ಯಾಡ ಬ್ಯಾಡ ಅಂತದೆ. ಅದಕ್ಕೇ ಕೇಳಾನ ಅಂತ ಮಾಡಿದೆ."

ಮಿಲ್ಲಿನಲ್ಲಿರುವ ಹೆಂಡತಿ ಗ್ರೂಪಿಗೆ ಹೇಗೆ ಹಾಕಿದಳು ಎಂದು ರುದ್ರಯ್ಯ ಯೋಚಿಸಬೇಕಿತ್ತು. ಅವರು ಯೋಚಿಸಿದ್ದು ಬೇರೆ. "ನಮ್ಮ ಪರ್ವತಯ್ಯನ ಮಗಳ ಮದುವೇದು. ಬ್ಯಾಡ ಅಂತದೆ, ನೀವು ಹೂಂ ಅಂತ ಒತ್ಕಂಡು ಹೋಗಿ. ನನಗೆ ಇದೆಲ್ಲ ಗೊತ್ತು, ನನ್ನದು ಐಫೋನು. ತೆಗೆದ್ಮೇಲೆ ಗಂಡು ಯಾವೂರು ಅಂತ ನನಗೂ ಒಂದು ಮಾತು ತಿಳಿಸಿ."

ಶಾಜಿಯಾ ಹೂಂ ಅಂತ ಒತ್ತಿದರು.

ಸಂಜೆಯೊಳಗೆ ಕಾರ್ಡು ಎಂಬತ್ತಾರು ಫೋನಿಗೂ ಹೋಗಿತ್ತು. ಮೂವತ್ತೊಂದು ಜನ ತೆರೆದಿದ್ದರು. ಅವರ ಫೋನುಗಳಿಂದ ಅವರ ಬಂಧುಬಳಗಕ್ಕೆ ಹೋಗಿ, ಪರ್ವತಯ್ಯನ ಮಗಳದ್ದಂತೆ ಎಂಬ ಮಾತೂ ಬಾಯಿಂದ ಬಾಯಿಗೆ ಹರಡಿ, ನಾಲ್ಕು ತಾಲ್ಲೂಕಿನಲ್ಲಿ ಮಾನಸಳ ಮದುವೆ ಗೊತ್ತಿಲ್ಲದ ಮನೆ ಉಳಿಯಲಿಲ್ಲ. ಸರ್ವಮಂಗಳಮ್ಮನ ವಾಟ್ಸಾಪ್ ಅವರ ಕೈಗೇ ಸಿಗದಾಯಿತು, ಯಾರೋ ಎಲ್ಲೋ ಕೂತು ಅವರ ಹೆಸರಲ್ಲಿ ಕಾರ್ಡು ಹಂಚುತ್ತಿದ್ದರು. ಪಾವಗಡದ ಜಗದಾಂಬ ಗ್ರೂಪಿನ ಇನ್ನೊಬ್ಬ ಅಡ್ಮಿನ್. ಆಕೆ ಬೇರೆ ಉಪಾಯ ಕಾಣದೆ ಸರ್ವಮಂಗಳಮ್ಮನನ್ನು ಅವರೇ ಮಾಡಿದ ಗ್ರೂಪಿನಿಂದ ತೆಗೆದುಹಾಕಿದರು.

ಮುಕ್ತಾರ್ ಅಂಗಡಿ ಬಿಟ್ಟು ಮನೆಗೇ ಬಂದು ಫೋನ್ ನೋಡಿದ. "ಬ್ಯಾಂಕಿಗೆ ಮೊದ್ಲು ಫೋನ್ ಮಾಡಿ ಮೇಡಂ" ಎಂದು ಮಾಡಿಸಿದ. ದುಡ್ಡು ಹೋಗಿರಲಿಲ್ಲ. ಆಮೇಲೆ ಕೇಳಿದ, "ಇದರಲ್ಲಿ ಆ್ಯಂಟಿವೈರಸ್ ಇತ್ತಲ್ಲ, ಯಾರು ತೆಗೆದಿದ್ದು?"

ರುದ್ರಯ್ಯ ಗೋಡೆಯ ಮೇಲಿನ ಪಂಚಾಂಗ ನೋಡುತ್ತಿದ್ದರು. ಮುಕ್ತಾರ್ ಅವರ ಮುಖ ನೋಡಿದ, ಮತ್ತೆ ಕೇಳಲಿಲ್ಲ.

"ನಾನೇ ಬೆರಳು ತಾಗಿಸಿಬಿಟ್ಟಿದೀನೇನೋ" ಎಂದರು ಸರ್ವಮಂಗಳಮ್ಮ. ಅವರ ಮುಖ ಬಾಡಿತ್ತು.

"ಆಂಡ್ರಾಯ್ಡ್ ಅಂದ್ರೆ ಇಂಗೇಯ" ಎಂದರು ರುದ್ರಯ್ಯ. "ನಾನು ಮೊದ್ಲಿಂದ ಹೇಳ್ತಾನೇ ಇದೀನಿ."

ನಾಲ್ಕು ದಿನ ಸರ್ವಮಂಗಳಮ್ಮ ಊಟದ ಹೊತ್ತು ಬಿಟ್ಟರೆ ಫೋನಿನಲ್ಲೇ ಇದ್ದರು. ಶಾಜಿಯಾ ಒಬ್ಬರು ಸಿಗಲಿಲ್ಲ, ಉಳಿದ ಎಂಬತ್ತೈದು ಜನಕ್ಕೂ ಒಬ್ಬೊಬ್ಬರಿಗೇ ಕರೆ ಮಾಡಿ ಕ್ಷಮೆ ಕೇಳಿದರು. ಕೆಲವರು ಪರವಾಗಿಲ್ಲ ಮೇಡಂ ಅಂದರು. ಕೆಲವರು ಹೂಂ ಅಂದಷ್ಟೇ ಇಟ್ಟುಬಿಟ್ಟರು. ರುದ್ರಯ್ಯ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಹೇಳಿಬಿಡಬೇಕು ಅಂತ ಎರಡು ಸಲ ಎದ್ದು ಬಾಗಿಲವರೆಗೂ ಹೋದರು. ನೀರು ಕುಡಿದು ವಾಪಸು ಬಂದರು.

ಐದನೇ ದಿನ ಶಾಜಿಯಾಗೆ ಕರೆ ಸಿಕ್ಕಿತು.

"ನೀವ್ಯಾಕೆ ಮೇಡಂ ಕ್ಷಮೆ ಕೇಳ್ತೀರಾ?" ಎಂದರು ಆಕೆ. "ನಾನು ಕೇಳಿಯೇ ತೆಗೆದಿದ್ದು. ಯಜಮಾನ್ರೇ ಅಂದ್ರಲ್ಲ, ಹೂಂ ಅಂತ ಒತ್ಕಂಡು ಹೋಗಿ, ನನ್ನದು ಐಫೋನು ಅಂತ. ನೀವು ಆಗ ಮನೇಲಿರ್ಲಿಲ್ಲ ಅಂತ ಕಾಣ್ತದೆ."

ಸರ್ವಮಂಗಳಮ್ಮ ಫೋನ್ ಇಟ್ಟು ಒಳಗೆ ಹೋಗಿ ಮುದ್ದೆ ತೊಳಸಿದರು. ಬಡಿಸಿದರು. ಗಂಡ ಎರಡು ತುತ್ತು ನುಂಗಿದ ಮೇಲೆ ಎದುರಿಗೆ ಕೂತರು.

"ನಾನು ಮಾಡದೇ ಇರೋ ತಪ್ಪಿಗೆ ಎಂಬತ್ತೈದು ಜನದ ಹತ್ರ ತಪ್ಪಾಯ್ತು ಅಂದಿದೀನಿ. ಮಾಡಿದೋರು ಎಷ್ಟು ಜನದ ಹತ್ರ ಅಂತೀರಿ, ಯೋಚ್ನೆ ಮಾಡಿ ಹೇಳಿ."

ರುದ್ರಯ್ಯ ಮುರಿದ ಮೂರನೇ ತುತ್ತನ್ನು ತಟ್ಟೆಗೇ ಇಟ್ಟರು. ಸಾರು ಕುಡಿದು ಕೈ ತೊಳೆದರು.

ಮರುದಿನ ಅವರು ಜೆರಾಕ್ಸ್ ಅಂಗಡಿಗೆ ಹೋಗಿ ಕ್ಷಮಾಪಣೆ ಟೈಪು ಮಾಡಿಸಿದರು. ವಿಷಯ: ವಿವಾಹ ಪತ್ರಿಕೆ ರವಾನೆಯಾದ ಕುರಿತು. ಉಲ್ಲೇಖ: ತಮ್ಮ ಮೌಖಿಕ ದೂರುಗಳು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಪತ್ರಿಕೆಯು ಅಚಾತುರ್ಯದಿಂದ ಒತ್ತಲ್ಪಟ್ಟಿರುತ್ತದೆ.

ಸರ್ವಮಂಗಳಮ್ಮ ಎರಡು ಸಲ ಓದಿದರು. "ಯಾರು ಒತ್ತಿದ್ದು ಅಂತ ಇದರಲ್ಲಿ ಎಲ್ಲಿದೆ?"

"ಒತ್ತಲ್ಪಟ್ಟಿರುತ್ತದೆ ಅಂತ ಇದೆಯಲ್ಲ."

"ತಾನಾಗೇ ಒತ್ಕಂತಾ?"

ರುದ್ರಯ್ಯ ಅದನ್ನು ಪಿಡಿಎಫ್ ಮಾಡಿಸಿ, ತಮ್ಮ ಐಫೋನಿನಿಂದ ಎಲ್ಲರಿಗೂ ಕಳಿಸಿದರು. ಗುರುತಿಲ್ಲದ ನಂಬರು, ಜೊತೆಗೊಂದು ಫೈಲು, ಫೈಲಿನ ಹೆಸರಲ್ಲಿ ಮತ್ತೆ ವಿವಾಹ ಪತ್ರಿಕೆ. ಈ ನಡುವೆ ಮುಕ್ತಾರ್ ಅಂಗಡಿಗೆ ಬಂದವರಿಗೆಲ್ಲ, ಯಾವ ಫೈಲು ಬಂದರೂ ತೆಗೆಯಬೇಡಿ ಎಂದು ಹೇಳಿ ಕಳಿಸಿದ್ದ. ಒಬ್ಬರೂ ತೆರೆಯಲಿಲ್ಲ. ಸುಮಾರು ಜನ ಆ ನಂಬರನ್ನು ಬ್ಲಾಕ್ ಮಾಡಿದರು. ಸಂಜೆ ಮುಕ್ತಾರನೇ ಫೋನ್ ಮಾಡಿದ.

"ಸಾರ್, ನಿಮ್ಮ ನಂಬರಿಂದಲೂ ಏನೋ ಬರ್ತಾ ಐತಂತೆ. ಜನ ತಂದು ತೋರಿಸ್ತಾವ್ರೆ. ಐಫೋನಿಗೂ ವೈರಸ್ ಬಂತಾ ಅಂತ ಕೇಳ್ತಾವ್ರೆ. ಏನು ಹೇಳ್ಲಿ?"

ಮರುದಿನದ ವಾಕಿಂಗಿನಲ್ಲಿ ಇಬ್ಬರು ಅವರಿಂದ ನಾಲ್ಕು ಹೆಜ್ಜೆ ದೂರವೇ ನಡೆದರು. ಫೋನಿನ ವೈರಸ್ಸಿಗೆ ದೂರ ನಿಂತರೆ ಪ್ರಯೋಜನವಿಲ್ಲ ಎಂದು ವಿವರಿಸುವ ಶಕ್ತಿ ರುದ್ರಯ್ಯನವರಲ್ಲಿ ಉಳಿದಿರಲಿಲ್ಲ. ಮನೆಗೆ ಬಂದು, "ಬಸ್ಸಿಗೆ ಹೋಗಾನ, ಹೊರಡು" ಎಂದರು.

ಮೊದಲು ಕೊರಟಗೆರೆ. ಪರ್ವತಯ್ಯ ಜಗಲಿಯ ಮೇಲೇ ಕೂತಿದ್ದ. ಅವನ ಫೋನಿಗೂ ಯಾರೋ ನೆಂಟರ ಹೆಸರಲ್ಲಿ ಬಂದಿದ್ದ ಕಾರ್ಡು ಅದು; ಅವನು ತೆರೆದದ್ದೇ ತಡ, ಅವನ ಹೆಸರಲ್ಲಿ ರುದ್ರಯ್ಯನವರಿಗೂ ಹೋಗಿತ್ತು. ಒಳಗೆ ಮಾನಸ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು, ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ.

"ಬನ್ನಿ ಅಂಕಲ್, ನನ್ನ ಮದುವೆಗೆ ಬಂದ್ರಾ?" ಎಂದಳು. "ನಿನ್ನೆ ತೋವಿನಕೆರೆಯಿಂದ ಒಬ್ರು ಬಾಳೆಗೊನೆ ತಂದು ಕೊಟ್ಟೋದ್ರು. ಮದುವೆ ಇಲ್ಲ ಅಂದ್ರೆ ನಂಬಲ್ಲ. ಮುರಿದುಬಿತ್ತಾ ಪಾಪ ಅಂತಾರೆ."

ಪರ್ವತಯ್ಯ ಗೆಳೆಯನ ಮಾತನ್ನೆಲ್ಲ ಕೇಳಿದ. "ನೀನು ನಂಗೊಂದು ಫೋನ್ ಹಾಕಿದ್ರೆ ಮುಗೀತಿತ್ತಲ್ಲೋ ರುದ್ರ."

"ನೀನು ಮನೆಗೆ ಬಂದು ಕರೀಲಿಲ್ಲ ಅಂತ."

"ಯಾವುದಕ್ಕೆ ಕರೀಲಿ? ಮದುವೆ ಇದ್ರೆ ತಾನೇ."

ಹೊರಡುವಾಗ ಪರ್ವತಯ್ಯ ಗೊನೆಯಲ್ಲಿ ಎರಡು ಚಿಪ್ಪು ಕೊಯ್ದು ಚೀಲಕ್ಕೆ ಹಾಕಿದ.

ಮರುದಿನ ಸಿರಾ. ಶಾಜಿಯಾ ಚಹ ಕೊಟ್ಟರು, ಬಿಸ್ಕತ್ತು ಕೊಟ್ಟರು, ಸರ್ವಮಂಗಳಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ರುದ್ರಯ್ಯ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಶುರು ಮಾಡಿದರು. ತಂತ್ರಾಂಶದ ಸ್ವರೂಪ, ಎರಡು ಬಗೆಯ ಫೋನುಗಳ ವ್ಯತ್ಯಾಸ, ಇಂಥದ್ದು ಯಾರಿಗಾದರೂ ಆಗಬಹುದಾದ ಸಾಧ್ಯತೆ.

"ಹೋಗ್ಲಿ ಬಿಡಿ ಸಾರ್" ಎಂದರು ಶಾಜಿಯಾ. "ಫೋನು ಸರಿಯಾಯ್ತು. ಮುಕ್ತಾರ್ ಎಲ್ಲ ಅಳಿಸಿ ಹೊಸದು ಮಾಡಿಕೊಟ್ಟ. ಅಮ್ಮಿದು ವಾಯ್ಸ್ ಮೆಸೇಜು ಇದ್ವು, ಅವು ಹೋದ್ವು. ತೀರಿಕೊಂಡು ಒಂದು ವರ್ಷ ಆಯ್ತಲ್ಲ. ಊಟ ಆಯ್ತಾ, ಮಾತ್ರೆ ತಗಂಡಾ ಅಂತ ದಿನಾ ಕಳಿಸೋರು. ಅಂಥಾದ್ದೇನೂ ಇರ್ಲಿಲ್ಲ ಅದರಲ್ಲಿ. ಸುಮ್ನೆ ಹಾಕ್ಕಂಡು ಕೇಳ್ತಿದ್ದೆ."

ಆಕೆ ಅದನ್ನು ದೂರಿನ ಹಾಗೆ ಹೇಳಲಿಲ್ಲ. ಹೇಳಿ, ಚಹದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಆಕೆ ವಾಪಸು ಬಂದಾಗ ರುದ್ರಯ್ಯ ಎದ್ದು ನಿಂತು, "ನೀವು ಸರಿಯಾಗೇ ಕೇಳಿದ್ರಿ ಕಣಮ್ಮ. ತಪ್ಪು ಹೇಳಿದ್ದು ನಾನು" ಎಂದರು. ಅಷ್ಟು ಚಿಕ್ಕ ಮಾತನ್ನು ಅವರು ಎಂದೂ ಆಡಿದವರಲ್ಲ. ಸರ್ವಮಂಗಳಮ್ಮ ತಲೆಯೆತ್ತಿ ನೋಡಿದರು.

ಪಾವಗಡಕ್ಕೆ ಹೋದದ್ದು ಶನಿವಾರ. ಜಗದಾಂಬ ಬಾಗಿಲಲ್ಲೇ ಕೈಮುಗಿದು, ಅರ್ಧ ತೆಲುಗಿನಲ್ಲಿ ಶುರು ಮಾಡಿದರು. "ರಂಡಿ ಮೇಡಂ, ಬನ್ನಿ ಬನ್ನಿ. ಮಿಮ್ಮಲ್ನಿ, ನಿಮ್ಮನ್ನೇ ಗ್ರೂಪಿಂದ ತೆಗೆದಾಕಿ ನಂಗೆ ನಿದ್ದೆ ಬಂದಿಲ್ಲ. ಏನು ಮಾಡ್ಲಿ, ನಿಮಿಷಕ್ಕೊಂದು ಕಾರ್ಡು ಬೀಳ್ತಿತ್ತು."

ಊಟವಾದ ಮೇಲೆ ರುದ್ರಯ್ಯ ಚೀಲದಿಂದ ಕ್ಷಮಾಪಣೆಯ ಪ್ರತಿ ತೆಗೆದರು. ಜಗದಾಂಬ ನೋಡಲೇ ಇಲ್ಲ.

"ಪೇಪರು ವದ್ದು, ಬ್ಯಾಡ ಸಾರ್. ಯಾರು ಓದ್ತಾರೆ? ನೋಟಿತೋ ಚೆಪ್ಪಂಡಿ, ಬಾಯಲ್ಲಿ ಹೇಳಿ. ನನ್ನ ಫೋನಲ್ಲಿ ವಾಯ್ಸ್ ಹಾಕ್ತೀನಿ, ಗ್ರೂಪಲ್ಲಿ ಎಲ್ರೂ ಕೇಳ್ತಾರೆ."

ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದರು. "ಮೇಲ್ಕಂಡ ವಿಷಯಕ್ಕೆ" ಎಂದು ಶುರುವಾಗುತ್ತಲೇ ಸರ್ವಮಂಗಳಮ್ಮ ಕೆಮ್ಮಿದರು. ಜಗದಾಂಬ ಅದನ್ನು ಅಳಿಸಿ ಮತ್ತೆ ಹಿಡಿದರು.

"ನಾನು ರುದ್ರಯ್ಯ. ಸರ್ವಮಂಗಳನ ಗಂಡ" ಎಂದರು ಈ ಸಲ. "ಆ ಕಾರ್ಡನ್ನ ಒತ್ತಿದ್ದು ನಾನು. ಫೋನು ಬ್ಯಾಡ ಅಂತು. ಆ್ಯಂಟಿವೈರಸ್ಸೂ ಬ್ಯಾಡ ಅಂತು. ನಾನು ಕೇಳ್ಲಿಲ್ಲ. ಆಕೆ ಆಗ ಮಿಲ್ಲಲ್ಲಿದ್ಲು, ಆಕೇದೇನೂ ತಪ್ಪಿಲ್ಲ. ನಿಮಗೆಲ್ಲ ತೊಂದ್ರೆ ಮಾಡ್ಬುಟ್ಟೆ. ಕ್ಷಮಿಸಿ."

ಜಗದಾಂಬ ಅದನ್ನು ಕಳಿಸಿ, ಅಲ್ಲೇ ಸರ್ವಮಂಗಳಮ್ಮನನ್ನು ಗ್ರೂಪಿಗೆ ಸೇರಿಸಿ ಅಡ್ಮಿನ್ ಮಾಡಿದರು.

ಮಧುಗಿರಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡು ಗ್ರೂಪಿಗೆ ಒಂದು ಸಾಲು ಬರೆದರು: 'ಬರುವ ಸೋಮವಾರ ಸಿದ್ದರಬೆಟ್ಟಕ್ಕೆ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಬುಡದಲ್ಲಿ ಸೇರುವುದು.' ಫೈಲಿಲ್ಲ, ಫೋಟೋ ಇಲ್ಲ, ಬರೀ ಸಾಲು.

ಎರಡು ನಿಮಿಷದಲ್ಲಿ ಫೋನ್ ಬಡಿದುಕೊಂಡಿತು. ಚಿಕ್ಕಹನುಮಕ್ಕ ಎಂಬ ಕೊರಟಗೆರೆಯ ಆಯಾ. "ಮೇಡಂ, ಸಿದ್ದರಬೆಟ್ಟ ಅಂತ ಬಂದೈತೆ. ನೀವೇ ಹಾಕಿದ್ದಾ?"

"ಹೂಂ ಕಣೇ, ನಾನೇ."

ಅದು ಇಡುವಷ್ಟರಲ್ಲಿ ಇನ್ನೊಂದು. ಅದಾದ ಮೇಲೆ ಮತ್ತೊಂದು. ಸಿರಾದಿಂದ ಇಬ್ಬರು, ಮಧುಗಿರಿಯಿಂದ ನಾಲ್ವರು. ಎಲ್ಲರದ್ದೂ ಅದೇ ಪ್ರಶ್ನೆ. ಕೆಲವರು ದನಿ ಕೇಳಿಯೂ ನಂಬದೆ, ಹಾಗಾದರೆ ನನ್ನ ಅಂಗನವಾಡಿ ಯಾವೂರಲ್ಲಿತ್ತು ಹೇಳಿ ಎಂದು ಪರೀಕ್ಷೆ ಮಾಡಿದರು. ಸರ್ವಮಂಗಳಮ್ಮ ಊರು ಹೇಳಿದರು, ಆ ವರ್ಷ ಸೋರುತ್ತಿದ್ದ ಚಾವಣಿಯನ್ನೂ ಹೇಳಿದರು, ಇಬ್ಬರೂ ನಕ್ಕರು.

ರುದ್ರಯ್ಯ ಏನೋ ಹೇಳಬೇಕೆಂದು ಮೂರು ಸಲ ಬಾಯಿ ತೆರೆದರು. ಹೆಂಡತಿ ಪ್ರತಿ ಸಲವೂ ಕೈ ಎತ್ತಿ ತಡೆದು ಮುಂದಿನ ಕರೆ ತೆಗೆದುಕೊಂಡರು. ಬಸ್ಸು ಮಧುಗಿರಿ ತಲುಪುವಾಗ ಅರವತ್ತನೆಯವರೋ ಏನೋ ಮಾತಾಡುತ್ತಿದ್ದರು. ರುದ್ರಯ್ಯ ಎರಡೂ ಚೀಲ ಹಿಡಿದುಕೊಂಡು ಮೊದಲು ಇಳಿದು, ಆಕೆ ಮಾತು ಮುಗಿಸಲಿ ಎಂದು ಕೆಳಗೆ ನಿಂತರು.